ಹೋರಿಯ ಪಾಠ ಮೀನಿಗೆ: ತಳಿ ವಿಜ್ಞಾನಿ ಹರಾಲ್ಡ್ ಶೆರ್ವೋಲ್ಡ್ ಅವರ ಜೀವನ ಮತ್ತು ಸಾಧನೆ

ಹಸುವಿಗೆ ಕೃತಕ ಗರ್ಭಧಾರಣೆ ಮಾಡಿಸುವ ರೈತರು ಹೋರಿಯ ತಳಿ ಯಾವುದು, ಅದರ ಹೆಣ್ಣು ಕರುಗಳು ಬೆಳೆದು ಎಷ್ಟು ಹಾಲು ಕೊಡುತ್ತಿವೆ ಎಂದು ವಿಚಾರಿಸುವುದುಂಟು. ಬಿತ್ತನೆ ಬೀಜ ಕೊಳ್ಳುವಾಗಲೂ ತಳಿಯ ಹೆಸರು, ಪ್ರಮಾಣೀಕರಣದ ಚೀಟಿಗಳನ್ನು ನೋಡಿಯೇ ಕೊಳ್ಳುತ್ತಾರೆ. ಆದರೆ ಮೀನುಮರಿಗಳನ್ನು ಕೊಳ್ಳುವಾಗ ನಮ್ಮ ಗಮನವೆಲ್ಲ ಸಾವಿರಕ್ಕೆ ಎಷ್ಟು ಬೆಲೆ, ಮರಿಯ ಗಾತ್ರವೆಷ್ಟು ಎಂಬುದರ ಮೇಲೆಯೇ ಇರುತ್ತದೆ. ಆ ಮರಿಗಳ ತಂದೆ ತಾಯಿ ಯಾವುವು, ಅವು ಪರಸ್ಪರ ರಕ್ತಸಂಬಂಧಿಗಳೇ ಎಂದು ಕೇಳುವವರು ವಿರಳ. ಈ ಪ್ರಶ್ನೆಯನ್ನು ಮೀನು ಸಾಕಣೆಯಲ್ಲಿ ಕ್ರಮಬದ್ಧವಾಗಿ ಎತ್ತಿಕೊಂಡು, ಅದಕ್ಕೆ ಉತ್ತರ ಕಂಡುಕೊಳ್ಳುವ ವಿಧಾನವನ್ನು ರೂಪಿಸಿದವರಲ್ಲಿ ನಾರ್ವೆ ದೇಶದ ಪ್ರಾಧ್ಯಾಪಕ ಹರಾಲ್ಡ್ ಶೆರ್ವೋಲ್ಡ್ ಪ್ರಮುಖರು. ಅವರು ಮೂಲತಃ ಮೀನು ವಿಜ್ಞಾನಿಯಲ್ಲ, ಹೈನು ರಾಸುಗಳ ತಳಿ ವಿಜ್ಞಾನಿ.

ಹೈನು ರಾಸುಗಳಿಂದ ಆರಂಭ

ಶೆರ್ವೋಲ್ಡ್ ಜನಿಸಿದ್ದು 1917ರಲ್ಲಿ. ರಾಜಧಾನಿ ಓಸ್ಲೋ ನಗರಕ್ಕೆ ದಕ್ಷಿಣದಲ್ಲಿರುವ ಓಸ್ ಎಂಬ ಊರಿನ ನಾರ್ವೆ ಕೃಷಿ ವಿಶ್ವವಿದ್ಯಾಲಯವು ಅವರ ಕಾರ್ಯಕ್ಷೇತ್ರವಾಯಿತು. ಅಲ್ಲಿ ಅವರು ಪಶು ತಳಿ ಅಭಿವೃದ್ಧಿಯ ಪ್ರಾಧ್ಯಾಪಕರಾಗಿದ್ದರು. ಅಮೆರಿಕದ ಜೇ ಲಶ್ ಅವರು ರೂಪಿಸಿದ, ಲೆಕ್ಕಾಚಾರವನ್ನು ಆಧರಿಸಿದ ತಳಿ ಆಯ್ಕೆಯ ವಿಜ್ಞಾನವು ಯೂರೋಪಿನಲ್ಲಿ ಬೇರೂರುತ್ತಿದ್ದ ಕಾಲವದು. ರಾಸುವಿನ ಮೈಕಟ್ಟು, ಬಣ್ಣ, ಕೊಂಬುಗಳನ್ನು ನೋಡಿ ಆರಿಸುವ ಪದ್ಧತಿಯ ಜಾಗಕ್ಕೆ ದಾಖಲೆ ಮತ್ತು ಅಂಕಿ ಅಂಶಗಳನ್ನು ನೋಡಿ ಆರಿಸುವ ಪದ್ಧತಿ ಬರುತ್ತಿತ್ತು.

ಹೋರಿ ಹಾಲು ಕೊಡುವುದಿಲ್ಲ. ಆದರೂ ಹಾಲಿನ ಗುಣವನ್ನು ಮುಂದಿನ ಪೀಳಿಗೆಗೆ ದಾಟಿಸುವುದರಲ್ಲಿ ಅದರದು ಅರ್ಧ ಪಾಲು. ಹಾಗಾದರೆ ಅದರ ಯೋಗ್ಯತೆಯನ್ನು ಅಳೆಯುವುದು ಹೇಗೆ? ಅದರ ಹೆಣ್ಣು ಸಂತತಿಯ ಹಾಲಿನ ಇಳುವರಿಯನ್ನು ಅಳೆದು ನೋಡುವುದೇ ದಾರಿ. ಇದನ್ನು ಸಂತತಿ ಪರೀಕ್ಷೆ ಎನ್ನುತ್ತೇವೆ. ಕೃತಕ ಗರ್ಭಧಾರಣೆಯ ಕಾರ್ಯಕ್ರಮವೊಂದರಲ್ಲಿ ಎಷ್ಟು ಹೋರಿಗಳನ್ನು ಪರೀಕ್ಷಿಸಬೇಕು, ಪ್ರತಿ ಹೋರಿಗೆ ಎಷ್ಟು ಹೆಣ್ಣು ಸಂತತಿಯ ದಾಖಲೆ ಬೇಕು ಎಂಬುದರ ಬಗ್ಗೆ ಶೆರ್ವೋಲ್ಡ್ ಅವರು ಲಾಂಗ್‌ಹೋಲ್ಜ್ ಅವರೊಡನೆ 1964ರಲ್ಲಿ ಪ್ರಕಟಿಸಿದ ಲೇಖನವು ಈ ಕ್ಷೇತ್ರದಲ್ಲಿ ಹೆಸರು ಪಡೆಯಿತು. ನಾರ್ವೇಜಿಯನ್ ಕೆಂಪು ತಳಿಯ ಹಸುವನ್ನು ರೂಪಿಸಿದ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಅವರು ವೈಜ್ಞಾನಿಕ ಬುನಾದಿ ಒದಗಿಸಿದರು. ಹಾಲಿನ ಪ್ರಮಾಣದ ಜೊತೆಗೆ ಗರ್ಭಧಾರಣೆಯ ಸಾಮರ್ಥ್ಯ ಮತ್ತು ಕೆಚ್ಚಲು ಬಾವು ನಿರೋಧಕ ಗುಣಗಳನ್ನೂ ಆಯ್ಕೆಯ ಅಂಶಗಳನ್ನಾಗಿ ಬಹು ಮುಂಚೆಯೇ ಸೇರಿಸಿಕೊಂಡದ್ದು ಈ ತಳಿಯ ವೈಶಿಷ್ಟ್ಯ.

ಕಡಲ ಕಡೆಗೆ ತಿರುಗಿದ ದೃಷ್ಟಿ

ನಾರ್ವೆಯ ಕರಾವಳಿಯಲ್ಲಿ ಮೀನು ಸಾಕಣೆ ಆಗಿನ್ನೂ ಅಂಬೆಗಾಲಿಡುತ್ತಿತ್ತು. ಹಿತ್ರಾ ದ್ವೀಪದ ಗ್ರೋಂಟ್‌ವೆಟ್ ಸಹೋದರರು 1970ರಲ್ಲಿ ತೇಲುವ ಬಲೆಪಂಜರಗಳಲ್ಲಿ ಸಾಲ್ಮನ್ ಮೀನು ಸಾಕಿ ಯಶಸ್ಸು ಕಂಡರು. ಆದರೆ ಸಾಕುತ್ತಿದ್ದ ಮೀನು ನದಿಯಿಂದ ತಂದ ಕಾಡು ಮೀನಿನ ಸಂತಾನವೇ ಆಗಿತ್ತು. ಹಸು, ಕುರಿ, ಹಂದಿ, ಕೋಳಿಗಳು ಸಾವಿರಾರು ವರ್ಷಗಳ ಆಯ್ಕೆಯಿಂದ ಸಾಕು ಪ್ರಾಣಿಗಳಾಗಿ ಮಾರ್ಪಟ್ಟಿವೆ. ಸಾಲ್ಮನ್ ಆ ಹಾದಿಯ ಮೊದಲ ಹೆಜ್ಜೆಯನ್ನೂ ಇಟ್ಟಿರಲಿಲ್ಲ.

ರಾಸುಗಳಲ್ಲಿ ಫಲ ನೀಡಿದ ತತ್ತ್ವಗಳು ಮೀನಿನಲ್ಲಿ ಇನ್ನೂ ಹೆಚ್ಚಿನ ಫಲ ನೀಡಬಲ್ಲವು ಎಂಬುದನ್ನು ಶೆರ್ವೋಲ್ಡ್ ಮನಗಂಡರು. ಹಸು ಸಾಮಾನ್ಯವಾಗಿ ವರ್ಷಕ್ಕೊಂದು ಕರು ಹಾಕುತ್ತದೆ. ಹೆಣ್ಣು ಸಾಲ್ಮನ್ ಒಂದೇ ಬಾರಿಗೆ ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಆದ್ದರಿಂದ ಅತ್ಯುತ್ತಮವಾದ ಕೆಲವನ್ನೇ ಆರಿಸಿಕೊಂಡು ಉಳಿದವನ್ನು ಬಿಡುವ ಅವಕಾಶ ಮೀನಿನಲ್ಲಿ ಬಹಳ ದೊಡ್ಡದು. ಈ ಚಿಂತನೆಯ ಫಲವಾಗಿ 1971ರಲ್ಲಿ ಪಶ್ಚಿಮ ಕರಾವಳಿಯ ಸುಂದಾಲ್ಸೋರಾ ಎಂಬಲ್ಲಿ ಮೀನು ತಳಿ ಸಂಶೋಧನಾ ಕೇಂದ್ರ ಆರಂಭವಾಯಿತು. ಮುಂದೆ ಆಕ್ವಾಫೋರ್ಸ್ಕ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಸಂಸ್ಥೆಯ ಮೂಲ ಇದೇ. ಹಿಂದೆ ಕುರಿ ತಳಿಗಳ ಮೇಲೆ ಸಂಶೋಧನೆ ನಡೆಸಿದ್ದ ಟ್ರಿಗ್ವೆ ಯೆಡ್ರೆಮ್ ಅವರು ಈ ಕಾರ್ಯವನ್ನು ಮುಂದೆ ನಿಂತು ನಡೆಸಿದರು.

ನಲವತ್ತು ನದಿಗಳ ಮೊಟ್ಟೆ

ತಳಿ ಅಭಿವೃದ್ಧಿಗೆ ಮೊದಲು ಬೇಕಾದುದು ವಿಶಾಲವಾದ ಮೂಲ ಸಂಗ್ರಹ. 1971ರಿಂದ 1974ರವರೆಗೆ ಸುಮಾರು 40 ನದಿಗಳ ಸಾಲ್ಮನ್ ಮೀನುಗಳಿಂದ ಮೊಟ್ಟೆಗಳನ್ನು ಸಂಗ್ರಹಿಸಲಾಯಿತು. ಸಾಲ್ಮನ್ ಮೀನಿನ ಒಂದು ಪೀಳಿಗೆಗೆ ಸುಮಾರು ನಾಲ್ಕು ವರ್ಷ ಬೇಕು. ಹೀಗಾಗಿ ಪ್ರತಿ ವರ್ಷದ ಸಂಗ್ರಹವೂ ಒಂದೊಂದು ಪ್ರತ್ಯೇಕ ಗುಂಪಾಗಿ, ನಾಲ್ಕು ಗುಂಪುಗಳು ಸಿದ್ಧವಾದವು.

ಒಂದು ಗಂಡು ಮೀನಿನ ಶುಕ್ಲದಿಂದ ಹಲವು ಹೆಣ್ಣು ಮೀನುಗಳ ಮೊಟ್ಟೆಗಳನ್ನು ಫಲಿತಗೊಳಿಸಿ, ಪ್ರತಿ ಕುಟುಂಬದ ಮರಿಗಳನ್ನು ಪ್ರತ್ಯೇಕ ತೊಟ್ಟಿಯಲ್ಲಿ ಬೆಳೆಸಲಾಯಿತು. ಮರಿಗಳು ಗುರುತು ಹಾಕುವಷ್ಟು ದೊಡ್ಡವಾದ ಮೇಲೆ ಈಜುರೆಕ್ಕೆ ಕತ್ತರಿಸಿ, ಶೀತ ಮುದ್ರೆಯೊತ್ತಿ, ಅವುಗಳ ಕುಟುಂಬ ತಿಳಿಯುವಂತೆ ಮಾಡಿ ಸಮುದ್ರದ ಪಂಜರಗಳಿಗೆ ಒಟ್ಟಿಗೆ ಬಿಡಲಾಯಿತು. ಎಲ್ಲ ಕುಟುಂಬಗಳಿಗೂ ಅದೇ ನೀರು, ಅದೇ ಆಹಾರ. ಹೀಗಾಗಿ ಕುಟುಂಬಗಳ ನಡುವೆ ಕಂಡ ವ್ಯತ್ಯಾಸದಲ್ಲಿ ತಳಿಗುಣದ ಪಾಲೆಷ್ಟು, ಪರಿಸರದ ಪಾಲೆಷ್ಟು ಎಂದು ಬೇರ್ಪಡಿಸುವುದು ಸಾಧ್ಯವಾಯಿತು.

ಹೋರಿಯ ಪಾಠ ಇಲ್ಲಿ ನೇರವಾಗಿ ನೆರವಿಗೆ ಬಂತು. ಮಾಂಸದ ಬಣ್ಣವನ್ನೋ ಕೊಬ್ಬನ್ನೋ ಅಳೆಯಬೇಕಾದರೆ ಮೀನನ್ನು ಕೊಯ್ಯಬೇಕು. ರೋಗ ನಿರೋಧಕ ಶಕ್ತಿಯನ್ನು ಅರಿಯಬೇಕಾದರೆ ರೋಗಾಣುವಿಗೆ ಒಡ್ಡಬೇಕು. ಎರಡೂ ಸಂದರ್ಭಗಳಲ್ಲಿ ಆ ಮೀನು ಮುಂದೆ ಸಂತಾನಕ್ಕೆ ಒದಗುವುದಿಲ್ಲ. ಆದರೆ ಅದರ ಒಡಹುಟ್ಟಿದ ಮೀನುಗಳು ಬದುಕಿರುತ್ತವೆ. ಹೋರಿಯನ್ನು ಅದರ ಹೆಣ್ಣು ಸಂತತಿಯಿಂದ ಅಳೆದಂತೆ, ಮೀನನ್ನು ಅದರ ಒಡಹುಟ್ಟಿದವುಗಳಿಂದ ಅಳೆಯಬಹುದು. ಆಯ್ಕೆ ಮೊದಲು ಬೆಳವಣಿಗೆಯ ವೇಗಕ್ಕೆ ಸೀಮಿತವಾಗಿತ್ತು. ಬಳಿಕ ತಡವಾಗಿ ಪ್ರಾಯಕ್ಕೆ ಬರುವ ಗುಣ, 1990ರ ದಶಕದಲ್ಲಿ ರೋಗ ನಿರೋಧಕತೆ ಮತ್ತು ಮಾಂಸದ ಗುಣಮಟ್ಟ ಸೇರಿಕೊಂಡವು.

ಜೀವಂತ ಪ್ರಾಣಿಯನ್ನು ಕೊಯ್ಯದೆಯೇ ಅಳೆಯುವ ಬಗೆಯನ್ನೂ ಶೆರ್ವೋಲ್ಡ್ ಹುಡುಕುತ್ತಿದ್ದರು. ಆಸ್ಪತ್ರೆಗಳಲ್ಲಿ ಬಳಸುವ ಸಿ.ಟಿ. ಸ್ಕ್ಯಾನ್ ಯಂತ್ರವನ್ನು 1980ರ ದಶಕದ ಆರಂಭದಲ್ಲೇ ಸಾಕು ಪ್ರಾಣಿಗಳ ಕೊಬ್ಬು ಮತ್ತು ಮಾಂಸದ ಪ್ರಮಾಣ ತಿಳಿಯಲು ಬಳಸಿದ ಮೊದಲಿಗರಲ್ಲಿ ಅವರೂ ಒಬ್ಬರು.

ಫಲ ಮತ್ತು ಎಚ್ಚರಿಕೆ

ಸಾಲ್ಮನ್ ಮೀನಿನ ಬೆಳವಣಿಗೆಯಲ್ಲಿ ಪ್ರತಿ ಪೀಳಿಗೆಗೆ ಶೇ. 10ಕ್ಕೂ ಮಿಗಿಲಾದ ಪ್ರಗತಿ ಕಂಡುಬಂತು. ಐದು ಪೀಳಿಗೆಗಳ ಆಯ್ಕೆಯ ನಂತರದ ಮೀನನ್ನು ಕಾಡು ಮೀನಿನೊಡನೆ ಹೋಲಿಸಿ 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಯ್ದ ಮೀನಿನ ಬೆಳವಣಿಗೆ ಎರಡು ಪಟ್ಟಿಗೂ ಹೆಚ್ಚಿತ್ತು. ಆಹಾರವನ್ನು ಮಾಂಸವಾಗಿ ಪರಿವರ್ತಿಸುವ ದಕ್ಷತೆಯೂ ಸುಮಾರು ಶೇ. 20ರಷ್ಟು ಉತ್ತಮವಾಗಿತ್ತು. 1970ರ ಸುಮಾರಿಗೆ ಅತ್ಯಲ್ಪವಾಗಿದ್ದ ನಾರ್ವೆಯ ಸಾಲ್ಮನ್ ಸಾಕಣೆ ಇಂದು ವರ್ಷಕ್ಕೆ ಸುಮಾರು 15 ಲಕ್ಷ ಟನ್ ಮಟ್ಟದಲ್ಲಿದೆ. ಉತ್ತಮ ಆಹಾರ, ಲಸಿಕೆ, ಪಂಜರಗಳ ತಂತ್ರಜ್ಞಾನ ಇವೆಲ್ಲವೂ ಇದಕ್ಕೆ ಕಾರಣ. ಆದರೆ ಉತ್ತಮ ತಳಿಯಿಲ್ಲದೆ ಅವು ಇಷ್ಟು ಫಲ ಕೊಡುತ್ತಿರಲಿಲ್ಲ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಪಂಜರಗಳಿಂದ ತಪ್ಪಿಸಿಕೊಂಡ ಸಾಕು ಮೀನುಗಳು ನದಿಗಳನ್ನು ಸೇರಿ ಕಾಡು ಸಾಲ್ಮನ್‌ಗಳೊಡನೆ ಬೆರೆತಿವೆ. ನಾರ್ವೆಯ ಅನೇಕ ನದಿಗಳಲ್ಲಿ ಈ ಬೆರಕೆ ದೃಢಪಟ್ಟಿದೆ. ಯಾವ ಕಾಡು ಮೀನುಗಳಿಂದ ತಳಿ ಹುಟ್ಟಿತೋ ಅವುಗಳನ್ನು ಉಳಿಸಿಕೊಳ್ಳುವುದೇ ಇಂದು ಆ ದೇಶದ ದೊಡ್ಡ ಸವಾಲು.

ಶೆರ್ವೋಲ್ಡ್ 1995ರಲ್ಲಿ ನಿಧನರಾದರು. ಅಷ್ಟರಲ್ಲಿ ಅವರ ವಿಧಾನ ನಾರ್ವೆಯ ಗಡಿ ದಾಟಿತ್ತು. 1988ರಲ್ಲಿ ಫಿಲಿಪೈನ್ಸ್‌ನಲ್ಲಿ ಆರಂಭವಾದ ಗಿಫ್ಟ್ ತಿಲಾಪಿಯಾ ಯೋಜನೆ ಇದೇ ಮಾದರಿಯದು. ನಮ್ಮ ದೇಶದಲ್ಲಿ ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯು ಆಕ್ವಾಫೋರ್ಸ್ಕ್ ಸಹಯೋಗದಲ್ಲಿ 1992ರಲ್ಲಿ ರೋಹು ಮೀನಿನ ತಳಿ ಅಭಿವೃದ್ಧಿಗೆ ತೊಡಗಿತು. ಗಂಗಾ, ಯಮುನಾ, ಗೋಮತಿ, ಸಟ್ಲೆಜ್, ಬ್ರಹ್ಮಪುತ್ರ ನದಿಗಳ ಮೀನುಗಳನ್ನು ಸಂಸ್ಥೆಯ ಮೀನುಗಳೊಡನೆ ಸೇರಿಸಿ ಮೂಲ ಸಂಗ್ರಹ ಮಾಡಲಾಯಿತು. ಸ್ವಾತಂತ್ರ್ಯದ ಸುವರ್ಣ ಮಹೋತ್ಸವದ ವರ್ಷ 1997ರಲ್ಲಿ ಬಿಡುಗಡೆಯಾದ ಜಯಂತಿ ರೋಹು ಇದರ ಫಲ. ಈ ತಳಿಯಲ್ಲಿ ಪ್ರತಿ ಪೀಳಿಗೆಗೆ ಸರಾಸರಿ ಶೇ. 17ರಷ್ಟು ಬೆಳವಣಿಗೆಯ ಪ್ರಗತಿ ದಾಖಲಾಗಿದೆ.

ನಮ್ಮ ಮೀನುಮರಿ ಕೇಂದ್ರಗಳಿಗೆ ಪಾಠ

ಆಯ್ಕೆಯಿಂದ ತಳಿ ಮೇಲೇರುವಂತೆ, ಅಲಕ್ಷ್ಯದಿಂದ ಕೆಳಗಿಳಿಯುತ್ತದೆ. ಕರ್ನಾಟಕದ 18 ಮೀನುಮರಿ ಉತ್ಪಾದನಾ ಕೇಂದ್ರಗಳ ಮಾಹಿತಿಯನ್ನು ಆಧರಿಸಿ ಏಕನಾಥ್ ಮತ್ತು ಡಾಯ್ಲ್ 1990ರಲ್ಲಿ ಪ್ರಕಟಿಸಿದ ಅಧ್ಯಯನವು, ಅಲ್ಲಿನ ಗೆಂಡೆ ಮೀನುಗಳಲ್ಲಿ ರಕ್ತಸಂಬಂಧಿಗಳ ಕೂಡುವಿಕೆಯ ದರ ಶೇ. 2ರಿಂದ 17ರವರೆಗೆ ಇದೆಯೆಂದು ಅಂದಾಜಿಸಿತು. ಒಂದು ಹೆಣ್ಣು ರೋಹು ಲಕ್ಷಾಂತರ ಮೊಟ್ಟೆಗಳನ್ನಿಡುವುದರಿಂದ ಬೆರಳೆಣಿಕೆಯ ಮೀನುಗಳಿಂದಲೇ ಇಡೀ ತಾಲ್ಲೂಕಿಗೆ ಮರಿ ಒದಗಿಸಬಹುದು. ಅಪಾಯವಿರುವುದೂ ಅಲ್ಲಿಯೇ. ಹೆಚ್ಚು ಮೊಟ್ಟೆಯ ವರವನ್ನು ಶೆರ್ವೋಲ್ಡ್ ಆಯ್ಕೆಗೆ ಬಳಸಿದರು. ನಾವು ಅದನ್ನು ತಾಯಿ ಮೀನುಗಳ ಸಂಖ್ಯೆ ತಗ್ಗಿಸಲು ಬಳಸಿದರೆ ಕೆಲವೇ ಪೀಳಿಗೆಗಳಲ್ಲಿ ಬೆಳವಣಿಗೆ ಕುಂಠಿತವಾಗುತ್ತದೆ, ಮರಿಗಳ ಸಾವು ಹೆಚ್ಚುತ್ತದೆ, ಅಂಗವಿಕಲ ಮರಿಗಳು ಕಾಣಿಸಿಕೊಳ್ಳುತ್ತವೆ. ನಷ್ಟ ಅನುಭವಿಸುವವನು ಆ ಮರಿಗಳನ್ನು ಕೊಂಡು ಕೆರೆಗೆ ಬಿಟ್ಟ ರೈತ.

ವಿಸ್ತರಣಾ ಕಾರ್ಯಕರ್ತರು ಒಂದು ಸರಳ ಲೆಕ್ಕವನ್ನು ನೆನಪಿಡಬೇಕು. 25 ಗಂಡು ಮತ್ತು 25 ಹೆಣ್ಣು ಮೀನುಗಳಿಂದ ಮುಂದಿನ ಪೀಳಿಗೆಯ ತಾಯಿ ಮೀನುಗಳನ್ನು ಪಡೆದರೆ ಒಳತಳಿ ದರ ಪ್ರತಿ ಪೀಳಿಗೆಗೆ ಸುಮಾರು ಶೇ. 1. ಹೆಣ್ಣು 50 ಇದ್ದು ಗಂಡು ಐದೇ ಇದ್ದರೆ ಒಟ್ಟು ಸಂಖ್ಯೆ ಹೆಚ್ಚಿದ್ದರೂ ದರ ಶೇ. 2.75ಕ್ಕೆ ಏರುತ್ತದೆ. ಆದ್ದರಿಂದ ಗಂಡು ಹೆಣ್ಣುಗಳೆರಡನ್ನೂ ಸಾಕಷ್ಟು ಸಂಖ್ಯೆಯಲ್ಲಿ ಇಟ್ಟುಕೊಳ್ಳಬೇಕು. ದೊಡ್ಡ ಮೀನುಗಳನ್ನು ಮಾರಿ ಉಳಿದ ಸಣ್ಣವನ್ನು ತಾಯಿ ಮೀನುಗಳಾಗಿ ಇಟ್ಟುಕೊಳ್ಳುವ ರೂಢಿಯನ್ನು ಬಿಡಬೇಕು. ಒಂದೇ ದಿನದ, ಒಂದೇ ತೊಟ್ಟಿಯ ಮರಿಗಳನ್ನೆಲ್ಲ ಮುಂದಿನ ತಾಯಿ ಮೀನುಗಳಾಗಿ ಬೆಳೆಸಬಾರದು. ಕೆಲವು ವರ್ಷಗಳಿಗೊಮ್ಮೆ ಮೂಲ ಖಚಿತವಿರುವ ಬೇರೆ ಕೇಂದ್ರದಿಂದ ಮೀನುಗಳನ್ನು ತಂದು ಸೇರಿಸಬೇಕು. ಕಾಟ್ಲಾ, ರೋಹು, ಮೃಗಾಲ್‌ಗಳು ಒಂದೇ ತೊಟ್ಟಿಯಲ್ಲಿ ಬೆರೆತು ಬೆರಕೆಯಾಗದಂತೆ ನೋಡಿಕೊಳ್ಳಬೇಕು. ಇವೆಲ್ಲಕ್ಕೂ ಆಧಾರವಾಗಿ ಒಂದು ದಾಖಲೆ ಪುಸ್ತಕವಿರಬೇಕು.

ಮರಿ ಕೊಳ್ಳುವ ರೈತರು ಬೆಲೆಯ ಜೊತೆಗೆ ತಾಯಿ ಮೀನುಗಳ ಮೂಲವನ್ನೂ ಕೇಳುವುದನ್ನು ರೂಢಿಸಿಕೊಂಡರೆ ಕೇಂದ್ರಗಳು ಆ ದಾಖಲೆ ಪುಸ್ತಕವನ್ನು ತೆರೆದಿಡಲೇಬೇಕಾಗುತ್ತದೆ. ಶೆರ್ವೋಲ್ಡ್ ಅವರ ಕಾರ್ಯವೂ ಇಂತಹ ದಾಖಲೆಯಿಂದಲೇ ಆರಂಭವಾಗಿತ್ತು.