ನೇತಾಜಿಯವರ ಮನೆಯ ಕಥೆ

ಸುಭಾಷ್ ಚಂದ್ರ ಬೋಸರು 1897ರ ಜನವರಿ 23ರಂದು ಕಟಕ್‌ನಲ್ಲಿ ಹುಟ್ಟಿದರು. ಇದು ನಿಮಗೆಲ್ಲಾ ಗೊತ್ತು. ಅವರಿಗೆ ಹೆಂಡತಿ, ಮಗಳು ಇದ್ದರು ಅಂತ ಗೊತ್ತಾ? ನಾನಂತೂ ಅವರು ಮದುವೆಯೇ ಆಗಲಿಲ್ಲ ಅಂದುಕೊಂಡಿದ್ದೆ.

1934ರಲ್ಲಿ ಬೋಸರು ಆಸ್ಟ್ರಿಯಾ ದೇಶದ ವಿಯೆನ್ನಾ ನಗರದಲ್ಲಿ ಪುಸ್ತಕ ಬರೆಯುತ್ತಿದ್ದರು. ಅದನ್ನು ಟೈಪ್ ಮಾಡಲು ಎಮಿಲಿ ಶೆಂಕ್ಲ್ ಎಂಬುವವರು ಬಂದರು. ಮುಂದೆ ಇಬ್ಬರೂ ಗುಟ್ಟಾಗಿ ಮದುವೆಯಾದರು. ಬೋಸರು ತಮ್ಮ ಮನೆಯವರಿಗೂ ಹೇಳಲಿಲ್ಲ. ಇದು ಮಾತ್ರ ನನಗೆ ಸರಿ ಕಾಣಲಿಲ್ಲ.

1942ರ ನವೆಂಬರ್ 29ರಂದು ಮಗಳು ಅನಿತಾ ಹುಟ್ಟಿದಳು. ಆಗ ಮಹಾಯುದ್ಧ ನಡೆದಿತ್ತು. ಕೂಸಿಗೆ ಮೂರು ತಿಂಗಳೂ ತುಂಬಿರಲಿಲ್ಲ, 1943ರ ಫೆಬ್ರವರಿಯಲ್ಲಿ ಬೋಸರು ಜರ್ಮನಿಯಿಂದ ಜಲಾಂತರ್ಗಾಮಿ ಹಡಗು ಹತ್ತಿ ಪೂರ್ವ ಏಷ್ಯಾದ ಕಡೆ ಹೊರಟುಬಿಟ್ಟರು. ಹೋಗುವ ಮುಂಚೆ ಅಣ್ಣ ಶರತ್ ಚಂದ್ರರಿಗೆ ಬಂಗಾಳಿಯಲ್ಲಿ ಒಂದು ಕಾಗದ ಬರೆದಿಟ್ಟರು. ತನ್ನ ಮೇಲೆ ಇಟ್ಟ ಪ್ರೀತಿಯನ್ನೇ ಹೆಂಡತಿ, ಮಗಳ ಮೇಲೂ ಇಡಬೇಕು ಅಂತ ಅದರಲ್ಲಿ ಕೇಳಿಕೊಂಡಿದ್ದರು. ಮತ್ತೆ ಅವರು ಮಗಳ ಮುಖ ನೋಡಲೇ ಇಲ್ಲ. ನಮ್ಮಪ್ಪ ಎರಡು ದಿನ ಊರಿಗೆ ಹೋದರೇ ನನ್ನ ತಂಗಿ ಅತ್ತು ರಂಪ ಮಾಡ್ತಾಳೆ!

ಎಮಿಲಿಯವರು ಟೆಲಿಫೋನ್ ಕಚೇರಿಯಲ್ಲಿ ದುಡಿದು ತಾಯಿಯನ್ನೂ ಮಗಳನ್ನೂ ಸಾಕಿದರು. 1948ರಲ್ಲಿ ಶರತ್ ಚಂದ್ರರು ವಿಯೆನ್ನಾಕ್ಕೆ ಹೋಗಿ ಅವರನ್ನು ಕಂಡರು. ಅನಿತಾ ದೊಡ್ಡವರಾಗಿ ಜರ್ಮನಿಯಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕಿಯಾದರು, ತಂದೆಯ ದೇಶವನ್ನೂ ಬಂದು ನೋಡಿದರು. ಎಮಿಲಿಯವರು ಮಾತ್ರ ಭಾರತಕ್ಕೆ ಒಮ್ಮೆಯೂ ಬರಲಿಲ್ಲ. 1996ರಲ್ಲಿ ತೀರಿಕೊಂಡರು.