ಮುರಿದ ಅಚ್ಚಿನಲ್ಲಿ ಪಾಠ ಕಂಡ ರ‍್ಯಾಂಕಿನ್

ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವರಿಗೆ ರ‍್ಯಾಂಕಿನ್ ಎಂದರೆ ಪರೀಕ್ಷೆಗೆ ಉರುಹೊಡೆದ ಒಂದು ‘ಸೈಕಲ್’. ರಾಯಚೂರಿನ ಉಷ್ಣ ವಿದ್ಯುತ್ ಸ್ಥಾವರದಲ್ಲಿ ನೀರು ಆವಿಯಾಗಿ, ಟರ್ಬೈನ್ ತಿರುಗಿಸಿ, ಮತ್ತೆ ನೀರಾಗುವುದು ಆ ಚಕ್ರದಲ್ಲೇ. ಆದರೆ 1820ರಲ್ಲಿ ಎಡಿನ್‌ಬರೊದಲ್ಲಿ ಹುಟ್ಟಿದ ವಿಲಿಯಂ ರ‍್ಯಾಂಕಿನ್ ಪದವಿ ಮುಗಿಸದೆಯೇ ವಿಶ್ವವಿದ್ಯಾಲಯ ಬಿಟ್ಟವರು. ಐರ್ಲೆಂಡಿನಲ್ಲಿ ಎಂಜಿನಿಯರೊಬ್ಬರ ಕೈಕೆಳಗಿದ್ದು ರೈಲುಮಾರ್ಗದ ಕೆಲಸ ಕಲಿತರು.

1842ರಲ್ಲಿ ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ ಹೊರಟಿದ್ದ ರೈಲಿನ ಎಂಜಿನ್ನಿನ ಅಚ್ಚು ಮುರಿದು, ಬೆಂಕಿ ಹೊತ್ತಿ, 50ಕ್ಕೂ ಹೆಚ್ಚು ಜನ ಸತ್ತರು. ಗಟ್ಟಿಯಾಗಿದ್ದ ಅಚ್ಚು ಇದ್ದಕ್ಕಿದ್ದಂತೆ ಮುರಿಯುವುದೇಕೆ? ಕುಲುಕಾಟಕ್ಕೆ ಸಿಕ್ಕಿ ನಾರಿನಂತಿದ್ದ ಕಬ್ಬಿಣ ಹರಳುಗಟ್ಟಿ ಪೆಡಸಾಗುತ್ತದೆ ಎಂದು ಆಗ ಅನೇಕರು ನಂಬಿದ್ದರು. ರ‍್ಯಾಂಕಿನ್ ಮುರಿದ ಅಚ್ಚುಗಳನ್ನೇ ಪರೀಕ್ಷಿಸಿದರು. ಕಬ್ಬಿಣದ ನಾರು ಹಾಗೆಯೇ ಇತ್ತು! ಅಚ್ಚಿನ ದಪ್ಪ ಥಟ್ಟನೆ ಕಡಿಮೆಯಾಗುವ ಮೂಲೆಯಲ್ಲಿ ಕೂದಲೆಳೆಯಂಥ ಬಿರುಕು ಹುಟ್ಟಿ, ಸುತ್ತಲಿಂದ ಒಳಕ್ಕೆ ಬೆಳೆಯುತ್ತಿತ್ತು. ನಡುವೆ ಉಳಿದಷ್ಟು ಕಬ್ಬಿಣಕ್ಕೆ ಭಾರ ತಡೆಯಲಾಗದ ದಿನ ಅಚ್ಚು ತುಂಡಾಗುತ್ತಿತ್ತು. ಆ ಮೂಲೆಯನ್ನು ದುಂಡಗೆ ಮಾಡಿ ಎಂದು 1843ರಲ್ಲೇ ಸೂಚಿಸಿದರು. ಲೋಹದ ದಣಿವಿನ ಪಾಠಕ್ಕೆ ಇಂದಿಗೂ ಇದಕ್ಕಿಂತ ಒಳ್ಳೆಯ ಆರಂಭವಿಲ್ಲ.

1855ರಲ್ಲಿ ಗ್ಲಾಸ್ಗೋದಲ್ಲಿ ಪ್ರಾಧ್ಯಾಪಕರಾದಾಗ ಮೊದಲ ಉಪನ್ಯಾಸಕ್ಕೆ ಅವರು ಆರಿಸಿಕೊಂಡ ವಿಷಯ, ಸಿದ್ಧಾಂತ ಮತ್ತು ಪ್ರಯೋಗಗಳ ಹೊಂದಾಣಿಕೆ. ಲೆಕ್ಕ ಬಲ್ಲವನಿಗೆ ಕಾರ್ಖಾನೆ ತಿಳಿಯದು, ಕಾರ್ಖಾನೆಯವನಿಗೆ ಲೆಕ್ಕ ಬೇಡ ಎಂಬ ಕಾಲವದು. ರ‍್ಯಾಂಕಿನ್ ಬರೆದ ಪಠ್ಯಪುಸ್ತಕಗಳು ಸುಲಭವಲ್ಲ, ನಿಜ. ಆದರೂ ಅವು ದಶಕಗಳ ಕಾಲ ಓದಿಗಿದ್ದವು.

1872ರಲ್ಲಿ ಅವರು ತೀರಿಕೊಂಡರು. ಮರುವರ್ಷ ಅವರ ಶಿಷ್ಯ ಹೆನ್ರಿ ಡಯರ್ ಟೋಕಿಯೊಗೆ ಹೋಗಿ ಎಂಜಿನಿಯರಿಂಗ್ ಕಾಲೇಜು ಕಟ್ಟಿದರು. ಅಲ್ಲಿನ ಆರು ವರ್ಷಗಳ ಕೋರ್ಸಿನಲ್ಲಿ ಕೊನೆಯ ಎರಡು ವರ್ಷ ಪೂರ್ತಿ ಕೆಲಸದ ಜಾಗದಲ್ಲೇ ಕಲಿಕೆ.