ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು

ಚಾಮರಾಜನಗರದಿಂದ ಯಳಂದೂರು, ಕೊಳ್ಳೇಗಾಲಗಳಿಗೆ ಹೋಗುವ ದಾರಿಯಲ್ಲಿ ಸಂತೆಮರಹಳ್ಳಿ ಇದೆ. ಇಲ್ಲಿಂದ ಪೂರ್ವಕ್ಕೆ ನಡೆದರೆ ಕೊಳ್ಳೇಗಾಲ ತಾಲ್ಲೂಕಿನ ಸಿಂಗಾನಲ್ಲೂರು. ಹಿಂದಿರುಗಿ ಚಾಮರಾಜನಗರವನ್ನು ದಾಟಿ ದಕ್ಷಿಣಕ್ಕೆ ಇಳಿದರೆ ತಾಳವಾಡಿ ಸೀಮೆಯ ಗಾಜನೂರು. ಮೊದಲನೆಯದು ಪುಟ್ಟಸ್ವಾಮಯ್ಯನವರ ಊರು, ಎರಡನೆಯದು ಅವರ ಪತ್ನಿ ಲಕ್ಷ್ಮಮ್ಮನವರ ತವರು. ಇವೆರಡರ ನಡುವಣ ದಾರಿಯಲ್ಲಿ ನಮ್ಮ ಊರು ಬೀಳುತ್ತದೆ. ಆ ಕಾಲದಲ್ಲಿ ಎರಡೂ ಊರುಗಳು ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದುವು. ನಡುವೆ ಇರುವ ನಾವು ಮಾತ್ರ ಮೈಸೂರು ಸಂಸ್ಥಾನದವರು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ನಮ್ಮ ಕಡೆಗೆ ಬಂದಿತು, ಗಾಜನೂರು ಆಚೆಯೇ ಉಳಿಯಿತು. ಆದರೆ ಕನ್ನಡ ನಾಟಕದ ಕಂಪನಿಗಳಿಗೆ ಈ ಗಡಿಯ ಲೆಕ್ಕ ಎಂದೂ ಇರಲಿಲ್ಲ. ಚಪ್ಪರ ಹಾಕಲು ಒಂದು ಬಯಲು, ಟಿಕೆಟ್ಟಿಗೆ ನಾಲ್ಕು ಕಾಸು ಕೊಡುವ ಜನ, ಇವೆರಡು ಇದ್ದ ಊರೇ ಅವುಗಳ ಊರು.

ಪುಟ್ಟಸ್ವಾಮಯ್ಯನವರ ಹೆಸರನ್ನು ಇಂದು ಹೇಳಿದರೆ ಕೇಳುವವರು ಒಡನೆಯೇ ಅವರ ಮಗನನ್ನು ನೆನೆಯುತ್ತಾರೆ. ಅದು ಸಹಜವೇ ಆದರೂ ಸ್ವಲ್ಪ ಅನ್ಯಾಯದ ಮಾತು. ಮಗ ಲೋಕಕ್ಕೆ ರಾಜ್‌ಕುಮಾರ್ ಎಂದು ಪರಿಚಿತರಾಗುವುದಕ್ಕೆ ಎಷ್ಟೋ ಮುಂಚೆ, ತಂದೆ ತಮ್ಮ ಸ್ವಂತ ಬಲದಿಂದ ರಂಗದ ಮೇಲೆ ಹೆಸರು ಸಂಪಾದಿಸಿದ್ದವರು. ಅವರು ಗುಬ್ಬಿ ಕಂಪನಿಯ ನಟರು. ರಾವಣ, ಕಂಸ, ಹಿರಣ್ಯಕಶಿಪು ಮೊದಲಾದ ರೌದ್ರ ಪಾತ್ರಗಳಲ್ಲಿ ಅವರದು ಎತ್ತಿದ ಕೈ. ಈ ಪಾತ್ರಗಳ ಕಷ್ಟ ನೋಡುವವರಿಗೆ ತಿಳಿಯದು. ರಾಮನಾದವನು ಸುಮ್ಮನೆ ನಿಂತರೂ ಜನ ಕೈಮುಗಿಯುತ್ತಾರೆ. ರಾವಣ ನಿಂತರೆ ಸಾಲದು. ಧ್ವನಿವರ್ಧಕವನ್ನು ನೆಚ್ಚುವಂತಿಲ್ಲದ ಆ ದಿನಗಳಲ್ಲಿ, ಚಾಪೆಯ ಮೇಲೆ ಕುಳಿತವನಿಂದ ಹಿಡಿದು ಕಟ್ಟಕಡೆಯ ಗಳುವಿಗೆ ಒರಗಿ ನಿಂತವನ ವರೆಗೆ ಮಾತು ಮುಟ್ಟಬೇಕು. ಮಾತಿನ ನಡುವೆ ಹಾರ್ಮೋನಿಯಂ ಶ್ರುತಿ ಹಿಡಿದೊಡನೆ ಕಂದವನ್ನೋ ಸೀಸವನ್ನೋ ಎತ್ತಬೇಕು. ಇಷ್ಟೂ ಭಾರವಾದ ಕಿರೀಟ, ಭುಜಕೀರ್ತಿಗಳನ್ನು ಹೊತ್ತು, ರಾತ್ರಿ ಬಹಳ ಹೊತ್ತಿನ ತನಕ ನಡೆಯಬೇಕು. ಮರುದಿನ ಮತ್ತೆ ಅದೇ. ಶರೀರವೂ ಶಾರೀರವೂ ಸಮನಾಗಿ ಗಟ್ಟಿಯಿದ್ದವರಿಗೆ ಮಾತ್ರ ಸಾಧ್ಯವಾಗುತ್ತಿದ್ದ ದುಡಿಮೆ ಅದು.

ಅವರು ದುಡಿದ ಸಂಸ್ಥೆಯೂ ಸಾಮಾನ್ಯವಾದುದಲ್ಲ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ವೀರಣ್ಣನವರ ಕೈಗೆ ಬಂದ ಮೇಲೆ ಕನ್ನಡ ನಾಡಿನ ಅತಿ ದೊಡ್ಡ ಕಂಪನಿಯಾಗಿ ಬೆಳೆಯಿತು. ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದ ಸಾಹಸ ಅದರದು. ವೀರಣ್ಣನವರು ತಾವೂ ಬಾಲ್ಯದಲ್ಲಿಯೇ ಕಂಪನಿ ಸೇರಿ ಸಣ್ಣ ಪಾತ್ರಗಳಿಂದ ಮೇಲೆ ಬಂದವರು; ಆದುದರಿಂದ ಅಲ್ಲಿ ಹುಡುಗರಿಗೆ ಜಾಗವಿತ್ತು, ಆದರೆ ದಾಕ್ಷಿಣ್ಯಕ್ಕೆ ಜಾಗವಿರಲಿಲ್ಲ.

1929ರ ಏಪ್ರಿಲ್ 24ರಂದು ಗಾಜನೂರಿನಲ್ಲಿ ಪುಟ್ಟಸ್ವಾಮಯ್ಯನವರ ಹಿರಿಯ ಮಗ ಹುಟ್ಟಿದ. ಕಾವೇರಿಯ ದಡದ ಮುತ್ತತ್ತಿಯ ಆಂಜನೇಯ ನಮ್ಮ ಸೀಮೆಯ ಅನೇಕರಿಗೆ ಒಕ್ಕಲಿನ ದೇವರು. ಮುತ್ತತ್ತಿರಾಯನ ಹೆಸರಿನಿಂದ ಮಗುವನ್ನು ಮುತ್ತುರಾಜನೆಂದು ಕರೆದರು. ಅನಂತರ ವರದರಾಜನೆಂಬ ಇನ್ನೊಬ್ಬ ಮಗನೂ ಹೆಣ್ಣುಮಕ್ಕಳೂ ಆದರು. ಕಂಪನಿಯ ನಟನ ಸಂಸಾರ ಎಂದರೆ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕ್ಯಾಂಪಿನಲ್ಲಿ ಆದಾಯವಾದರೆ ಸಂಬಳ, ಮಳೆ ಹಿಡಿದರೆ ಊಟಕ್ಕೆ ಮಾತ್ರ ಮೋಸವಿಲ್ಲ. ರಂಗದ ಮೇಲೆ ಲಂಕೆಯನ್ನು ಆಳಿದವನು ಬಣ್ಣ ಒರೆಸಿದ ಮೇಲೆ ಬಡವ. ಈ ಮನೆ ಬಡವರ ಮನೆಯೇ ಆಗಿತ್ತು.

ಮುತ್ತುರಾಜನಿಗೆ ಎಂಟು ವರ್ಷವಾದಾಗ ಶಾಲೆ ನಿಂತಿತು. ಹುಡುಗ ತಂದೆಯ ಹಿಂದೆ ಗುಬ್ಬಿ ಕಂಪನಿಗೆ ಬಂದ.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಾನು ಕಾಲೇಜಿನ ಮೇಷ್ಟರು. ಮಗುವನ್ನು ಎಂಟು ವರ್ಷಕ್ಕೆ ಶಾಲೆ ಬಿಡಿಸಿದುದನ್ನು ಹೊಗಳುವ ನಾಲಗೆ ನನಗಿಲ್ಲ. ಆ ಮಗ ಮುಂದೆ ಎಂಥ ಎತ್ತರಕ್ಕೆ ಏರಿದರೂ ತಮ್ಮ ಓದು ನಿಂತುದನ್ನು ಮರೆಯಲಿಲ್ಲ, ಅದನ್ನು ಮರೆಮಾಚಲೂ ಇಲ್ಲ. ಮಗ ಗೆದ್ದನಾದುದರಿಂದ ತಂದೆಯ ನಿರ್ಧಾರ ಸರಿ ಎನ್ನುವುದು ಸುಲಭವಾದ ವಾದ. ಅದೇ ಕಂಪನಿಯ ಸೈಡ್‌ವಿಂಗಿನಲ್ಲಿ ಅದೇ ವಯಸ್ಸಿನಲ್ಲಿ ನಿಂತ ಇತರ ಹುಡುಗರು ಎಷ್ಟೋ ಮಂದಿ. ಅವರಲ್ಲಿ ಬಹುಪಾಲಿನವರ ಹೆಸರು ಯಾರ ನೆನಪಿನಲ್ಲಿಯೂ ಉಳಿದಿಲ್ಲ. ಪುಟ್ಟಸ್ವಾಮಯ್ಯನವರಿಗೂ ಇದು ತಿಳಿಯದ ಸಂಗತಿಯಲ್ಲ. ಅವರು ಆ ಹುಡುಗರ ನಡುವೆಯೇ ಬದುಕಿದವರು. ಆದರೆ ಬಡ ನಟನ ಕೈಯಲ್ಲಿ ಮಗನಿಗೆ ಕೊಡಲು ಇದ್ದ ಆಸ್ತಿ ಒಂದೇ, ಅದು ಅವರ ಕಸುಬು. ಅದನ್ನು ಕೊಟ್ಟರು.

ಕೊಟ್ಟರೆಂದ ಮಾತ್ರಕ್ಕೆ ಪಾತ್ರ ಕೊಡಿಸಿದರೆಂದು ಅರ್ಥವಲ್ಲ. ಕಂಪನಿಯಲ್ಲಿ ಪಾತ್ರ ಹಂಚುವ ಅಧಿಕಾರ ಮಾಲೀಕರದು, ನಾಟಕ ಕಲಿಸುವ ಮೇಷ್ಟರದು. ಹೊಸದಾಗಿ ಬಂದ ಹುಡುಗ ಮೊದಲು ನಾಂದಿಯ ಗುಂಪಿನಲ್ಲಿ ದನಿಗೂಡಿಸಬೇಕು, ಬಾಲಗೋಪಾಲರ ಸಾಲಿನಲ್ಲಿ ನಿಲ್ಲಬೇಕು, ಹಿರಿಯರಿಗೆ ಬಣ್ಣದ ತಟ್ಟೆ ಹಿಡಿಯಬೇಕು. ಮುಂಜಾನೆ ಸಂಗೀತದ ಮೇಷ್ಟರ ಮುಂದೆ ಕುಳಿತು ಕಂಠ ತಿದ್ದಿಕೊಳ್ಳಬೇಕು. ರಾತ್ರಿ ಸೈಡ್‌ವಿಂಗಿನಲ್ಲಿ ನಿಂತು ಎಲ್ಲರ ಮಾತನ್ನೂ ಬಾಯಿಪಾಠ ಮಾಡಬೇಕು, ಏಕೆಂದರೆ ಯಾವ ದಿನ ಯಾರು ಜ್ವರ ಹಿಡಿದು ಮಲಗುವರೋ ಹೇಳಲಾಗದು. ಆ ಹೊತ್ತಿಗೆ ಸಿದ್ಧನಿದ್ದವನಿಗೆ ಪಾತ್ರ. ಅದೇ ಅಂದಿನ ಪ್ರವೇಶ ಪರೀಕ್ಷೆ. ಆ ಪರೀಕ್ಷೆಗೆ ಗೊತ್ತಾದ ದಿನವಿಲ್ಲ, ಮುಗಿಯುವ ದಿನವೂ ಇಲ್ಲ.

ಇದಕ್ಕಿಂತ ಕಠಿನವಾದುದು ಹದಿಹರೆಯ. ಕಂಪನಿಗಳ ಚರಿತ್ರೆಯನ್ನು ಬಲ್ಲವರಿಗೆ ಇದು ಗೊತ್ತು: ಪ್ರಹ್ಲಾದನಾಗಿಯೋ ಲೋಹಿತಾಶ್ವನಾಗಿಯೋ ಜನರ ಕಣ್ಣೀರು ಹರಿಸಿದ ಹುಡುಗನ ಗಂಟಲು ಹದಿಮೂರು ಹದಿನಾಲ್ಕಕ್ಕೆ ಒಡೆಯುತ್ತದೆ. ಮಗುವಿನ ಪಾತ್ರಕ್ಕೆ ದೊಡ್ಡವನು, ನಾಯಕನ ಪಾತ್ರಕ್ಕೆ ಎಳೆಯ. ಹಾಡಿದರೆ ಶ್ರುತಿ ನಿಲ್ಲದು. ನಿನ್ನೆಯ ತನಕ ಒನ್ಸ್‌ಮೋರ್ ಕೂಗಿದ ಜನರೇ ಇಂದು ಗುರುತಿಸರು. ಎಷ್ಟೋ ಹುಡುಗರು ಈ ನಾಲ್ಕೈದು ವರ್ಷಗಳಲ್ಲಿ ಕಂಪನಿ ಬಿಟ್ಟು ಹೋಗುತ್ತಿದ್ದರು. ಉಳಿಯಬೇಕಾದರೆ ಅಲ್ಲಿ ಅವನದೇ ಜನ ಒಬ್ಬರಾದರೂ ಇರಬೇಕು. ಮುತ್ತುರಾಜನಿಗೆ ತಂದೆ ಇದ್ದರು. ಪಾತ್ರ ಸಣ್ಣದಾದ ದಿನಗಳಲ್ಲಿಯೂ, ರಂಗದ ಮೇಲೆ ಪ್ರತಿ ರಾತ್ರಿ ಕಾಣುವ ಪಾಠವಾಗಿ ಅವರು ಇದ್ದರು. ಉಸಿರನ್ನು ಎಲ್ಲಿ ಹಿಡಿಯಬೇಕು, ಮಾತನ್ನು ಎಲ್ಲಿ ಒಡೆಯಬೇಕು, ಕೋಪ ಎಷ್ಟು ಏರಿದ ಮೇಲೆ ಕಣ್ಣು ತಿರುಗಿಸಬೇಕು, ಇವು ಯಾವ ಪುಸ್ತಕದಲ್ಲಿಯೂ ಇಲ್ಲ. ನೋಡಿಯೇ ಕಲಿಯಬೇಕು, ಬಹಳ ವರ್ಷ ನೋಡಬೇಕು. ರಾಜ್‌ಕುಮಾರರ ಕನ್ನಡ ಉಚ್ಚಾರಣೆಯ ಶುದ್ಧಿಯನ್ನು ಮೆಚ್ಚದವರಿಲ್ಲ. ಅಲ್ಪಪ್ರಾಣ ಮಹಾಪ್ರಾಣಗಳನ್ನು ಎಂ.ಎ. ತರಗತಿಯಲ್ಲಿ ಹೇಳಿಕೊಡುವ ನಮಗೂ ಸಾಧಿಸದ ಆ ಸ್ಪಷ್ಟತೆ, ಶಾಲೆ ಬಿಟ್ಟ ಹುಡುಗನಿಗೆ ಬಂದುದು ಈ ಸೈಡ್‌ವಿಂಗಿನಿಂದ.

ಈ ಕಾಲದಲ್ಲಿಯೇ, 1942ರಲ್ಲಿ, ಭಕ್ತ ಪ್ರಹ್ಲಾದ ಎಂಬ ಚಲನಚಿತ್ರದಲ್ಲಿ ಮುತ್ತುರಾಜ ಒಂದು ಸಣ್ಣ ಪಾತ್ರದಲ್ಲಿ ಕಾಣಿಸಿಕೊಂಡ. ಅದರಿಂದ ಏನೂ ಬದಲಾಗಲಿಲ್ಲ; ಮತ್ತೆ ಕಂಪನಿ, ಮತ್ತೆ ಕ್ಯಾಂಪು. ತಂದೆ ಮಕ್ಕಳು ಗುಬ್ಬಿ ಕಂಪನಿಯಲ್ಲಿಯೂ, ಕನ್ನಡದ ಮೊದಲ ವಾಕ್ಚಿತ್ರ ಸತಿ ಸುಲೋಚನದ ನಾಯಕರಾದ ಎಂ.ವಿ. ಸುಬ್ಬಯ್ಯನಾಯುಡು ಅವರ ಕಂಪನಿಯಲ್ಲಿಯೂ ದುಡಿದರು. ಎರಡನೆಯ ಮಗ ವರದರಾಜನೂ ನಟನೆಗೆ ಇಳಿದ. ಅಣ್ಣನಿಗೆ ಒದಗುವ ಕಥೆಯನ್ನು ಆರಿಸುವುದರಲ್ಲಿ ವರದಪ್ಪನವರ ತೀರ್ಪು ಮುಂದೆ ಚಿತ್ರರಂಗದಲ್ಲಿ ಹೆಸರಾಯಿತಷ್ಟೆ. ಆ ತೀರ್ಪಿನ ಮೂಲವೂ ಇದೇ ಚಪ್ಪರ.

ಸಂಬಂಧದ ವಿಷಯದಲ್ಲಿಯೂ ಪುಟ್ಟಸ್ವಾಮಯ್ಯನವರದು ಕಲಾವಿದರ ಬಳಗವೇ. ಸಾಲಿಗ್ರಾಮದ ಅಪ್ಪಾಜಿಗೌಡರು ಸಂಗೀತ ಬಲ್ಲವರು, ಅವರಿಗೆ ಬೇಕಾದವರು. 1939ರಲ್ಲಿ ಅಪ್ಪಾಜಿಗೌಡರಿಗೆ ಹೆಣ್ಣು ಮಗು ಹುಟ್ಟಿದಾಗ ಪುಟ್ಟಸ್ವಾಮಯ್ಯನವರು ಮಗುವಿನ ಕೈಗೆ ಒಂದು ನಾಣ್ಯವನ್ನಿಟ್ಟು ಇವಳೇ ತಮ್ಮ ಸೊಸೆ ಎಂದು ಗೊತ್ತುಮಾಡಿದರೆಂಬುದು ಆ ಮನೆತನದಲ್ಲಿ ಹೇಳಿಕೊಂಡು ಬಂದ ಕಥೆ. ಆ ಮಗುವೇ ಪಾರ್ವತಮ್ಮ. ಮದುವೆ ನಡೆದುದು 1953ರ ಜೂನ್ 25ರಂದು, ನಂಜನಗೂಡಿನಲ್ಲಿ. ಮಾತು ಕೊಟ್ಟವರು ಅಂದು ಇರಲಿಲ್ಲ.

1951ರಲ್ಲಿಯೇ ಪುಟ್ಟಸ್ವಾಮಯ್ಯನವರು ತೀರಿಕೊಂಡಿದ್ದರು. ಆಗ ಮುತ್ತುರಾಜನಿಗೆ ವಯಸ್ಸು ಇಪ್ಪತ್ತೆರಡು. ಮನೆಯ ಭಾರ ಹಿರಿಯ ಮಗನ ಮೇಲೆ ಬಿದ್ದಿತು. ಆತ ಬೇರೆ ಉದ್ಯೋಗ ಹುಡುಕಲಿಲ್ಲ, ನಾಟಕವನ್ನೇ ನೆಚ್ಚಿದ. 1952ರ ಶ್ರೀ ಶ್ರೀನಿವಾಸ ಕಲ್ಯಾಣ ಚಿತ್ರದಲ್ಲಿ ಋಷಿಗಳ ನಡುವೆ ಒಬ್ಬ ಋಷಿಯಾಗಿ ನಿಂತುದು ಬಿಟ್ಟರೆ ಸಿನಿಮಾ ಇನ್ನೂ ದೂರದ ಮಾತೇ. ಅನಂತರ ನಿರ್ದೇಶಕ ಎಚ್.ಎಲ್.ಎನ್. ಸಿಂಹ ಅವರು ಬೇಡರ ಕಣ್ಣಪ್ಪ ಚಿತ್ರಕ್ಕೆ ನಾಯಕನನ್ನು ಹುಡುಕತೊಡಗಿದರು. ಆ ಪಾತ್ರವನ್ನು ಬಯಸಿದವರು ಬೇರೆಯವರೂ ಇದ್ದರು. ಪರೀಕ್ಷೆಯಾಗಿ, ಮೈಕಟ್ಟು, ಮಾತುಗಾರಿಕೆ ಎರಡರಲ್ಲಿಯೂ ಮುತ್ತುರಾಜ ಗೆದ್ದ. ಸಿಂಹ ಅವರು ರಾಜ್‌ಕುಮಾರ್ ಎಂಬ ಹೆಸರಿಟ್ಟರು. 1954ರಲ್ಲಿ ಚಿತ್ರ ತೆರೆಕಂಡಿತು. ಬಾಗಿಲ ಬಳಿ ಕಾದು ಕುಳಿತು, ಒಳಗೆ ಏನಾಯಿತೋ ಎಂದು ತವಕಿಸಬೇಕಾಗಿದ್ದ ತಂದೆ ಆ ಪರೀಕ್ಷೆಯ ಹೊತ್ತಿಗೆ ಆಗಲೇ ಹೊರಟುಹೋಗಿದ್ದರು.

ಇಂದು ನಟನೆಯನ್ನು ಕಲಿಯಲು ಶಾಲೆಗಳಿವೆ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ 1959ರಲ್ಲಿ ಹುಟ್ಟಿತು. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಲ್ಲಿ. ಗುಬ್ಬಿ ಕಂಪನಿಗೂ ಈ ಶಾಲೆಗಳಿಗೂ ನಡುವೆ ಸೇತುವೆಯಾದವರು ಬಿ.ವಿ. ಕಾರಂತರು. ಅವರು ಹುಡುಗರಾಗಿದ್ದಾಗ ಮನೆಯವರಿಗೆ ಹೇಳದೆ ಓಡಿಬಂದು ಕಂಪನಿ ಸೇರಿದವರು. ಮುಂದೆ ಓದಲು ಕಾಶಿಗೆ ಕಳುಹಿಸಿದವರು ವೀರಣ್ಣನವರು. ತಂದೆಯ ಕೈ ಹಿಡಿದು ಬಂದ ಮುತ್ತುರಾಜ, ತಂದೆಯ ಕಣ್ಣು ತಪ್ಪಿಸಿ ಬಂದ ಕಾರಂತ, ಇಬ್ಬರಿಗೂ ಅದೇ ಚಪ್ಪರ ನೆರಳಾಯಿತು. ನಮ್ಮ ಕಾಲೇಜಿಗೂ ಒಮ್ಮೊಮ್ಮೆ ತಂದೆತಾಯಿಗಳು ಬರುತ್ತಾರೆ: ಮಗಳು ನಾಟಕ ಶಾಲೆಗೆ ಅರ್ಜಿ ಹಾಕುತ್ತೇನೆನ್ನುತ್ತಾಳೆ, ಆಯ್ಕೆಯಾಗುವವರು ಬೆರಳೆಣಿಕೆಯ ಮಂದಿಯಂತೆ, ಆಗದಿದ್ದರೆ ಗತಿಯೇನು, ಆದರೂ ಮುಂದೆ ಗತಿಯೇನು ಎಂದು. ಸಂದರ್ಶನಕ್ಕೆ ಯಾವ ಪದ್ಯ ಹೇಳಿಸಬೇಕೆಂದೂ ಕೇಳುತ್ತಾರೆ. ಪದ್ಯವನ್ನು ಆರಿಸಿಕೊಡಬಲ್ಲೆ. ಮೊದಲ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಪುಟ್ಟಸ್ವಾಮಯ್ಯನವರ ಕಥೆಯನ್ನು ಹೇಳುತ್ತೇನೆ, ಶಾಲೆ ಬಿಡಿಸಿದ ಭಾಗವನ್ನೂ ಬಿಡದೆ. ಮುಂದಿನ ತಲೆಮಾರಿನಲ್ಲಿ ಆ ಮನೆಯ ಕ್ರಮವೇ ಬದಲಾಯಿತೆಂಬುದನ್ನೂ ಸೇರಿಸುತ್ತೇನೆ: ಮೊಮ್ಮಗ ಶಿವರಾಜ್‌ಕುಮಾರ್ ಕಾಲೇಜಿನ ಪದವಿ ಪಡೆದು, ನಟನೆಯ ತರಬೇತಿಯನ್ನೂ ಮುಗಿಸಿದ ಮೇಲೆಯೇ ನಾಯಕನಟರಾದರು.

ಮಗ ತಂದೆಯ ಪಾತ್ರಗಳನ್ನು ಒಂದೊಂದಾಗಿ ತೆರೆಯ ಮೇಲೆ ಎತ್ತಿಕೊಂಡುದನ್ನು ಎಷ್ಟು ಮಂದಿ ಗಮನಿಸಿದ್ದಾರೋ ತಿಳಿಯದು. 1958ರ ಭೂಕೈಲಾಸದಲ್ಲಿ ರಾವಣ. ಅಲ್ಲಿಂದ ಇಪ್ಪತ್ತೈದು ವರ್ಷ ಕಳೆದು, 1983ರಲ್ಲಿ, ಮತ್ತೊಂದು ಭಕ್ತ ಪ್ರಹ್ಲಾದ ಚಿತ್ರ. ಅದರಲ್ಲಿ ಹಿರಣ್ಯಕಶಿಪು ರಾಜ್‌ಕುಮಾರ್. ಕಂಬವನ್ನು ತೋರಿಸಿ ಇದರಲ್ಲಿಯೂ ನಿನ್ನ ಹರಿ ಇರುವನೇ ಎಂದು ಗರ್ಜಿಸುವ ಆ ತಂದೆಯ ಮುಂದೆ ಪ್ರಹ್ಲಾದನಾಗಿ ಕೈಮುಗಿದು ನಿಂತ ಬಾಲಕ, ಪುಟ್ಟಸ್ವಾಮಯ್ಯನವರು ಕಾಣದ ಅವರ ಕಿರಿಯ ಮೊಮ್ಮಗ ಪುನೀತ್.